ಇಪ್ಪತ್ತು ನಿಮಿಷ ಒಂದೂ ಇಲ್ಲ, ಬಂದರೆ ಎರಡು: ಬಳ್ಳಾರಿ ಸಿಟಿ ಬಸ್ಸಿನ ಲೆಕ್ಕ

ಪ್ರಶ್ನೆ: ಸರ್, ನಮ್ಮ ಮನೆ ಕಂಟೋನ್ಮೆಂಟ್ ಕಡೆ. ಕೆಲಸ ಬೆಂಗಳೂರು ರೋಡಿನ ಬಟ್ಟೆ ಅಂಗಡಿಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಸ್ಟಾಪಿಗೆ ಬಂದರೆ ಇಪ್ಪತ್ತು ನಿಮಿಷ ಒಂದು ಬಸ್ಸೂ ಇರಲ್ಲ. ಬಂದರೆ ಒಂದರ ಹಿಂದೆ ಒಂದು ಎರಡು ಬರುತ್ತವೆ. ಮೊದಲನೆಯದರಲ್ಲಿ ಕಾಲಿಡಲು ಜಾಗ ಇರಲ್ಲ. ಎರಡನೆಯದು ನಿಲ್ಲಿಸದೆ ಹೋಗಿಬಿಡುತ್ತದೆ. ಸುಧಾ ಕ್ರಾಸ್ ರೈಲ್ವೆ ಗೇಟ್ ಹಾಕಿದ್ದರಂತೂ ಮುಗಿಯಿತು. ಶಕ್ತಿ ಯೋಜನೆ ಇದ್ದೂ ವಾರದಲ್ಲಿ ಮೂರ್ನಾಲ್ಕು ದಿನ ಷೇರ್ ಆಟೊಗೆ ದುಡ್ಡು ಕೊಡುತ್ತೇನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಸ್ ಸಿಗುತ್ತದೋ ಇಲ್ಲವೋ ಅನ್ನುವ ಧೈರ್ಯವೇ ಇಲ್ಲ. ಈ ರೂಟಿಗೆ ಇನ್ನೂ ಹತ್ತು ಬಸ್ ಬಿಟ್ಟರೆ ಸರಿ ಹೋಗುತ್ತದಾ? ಇಲ್ಲಾ, ಹುಬ್ಬಳ್ಳಿಯಲ್ಲಿ ಮಾಡಿದ ಹಾಗೆ ಬಸ್ಸಿಗೇ ಬೇರೆ ದಾರಿ ಬೇಕಾ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ಮೇಡಂ. ಒಂದರ ಹಿಂದೆ ಒಂದು ಎರಡು ಬರುತ್ತವೆ ಅಂದಿರಲ್ಲ, ರೋಗ ಇರುವುದು ಅಲ್ಲೇ. ಅದನ್ನು ಹಾಗೇ ಬಿಟ್ಟು ಹತ್ತು ಬಸ್ ತಂದರೆ ಎರಡರ ಬದಲು ಮೂರು ಜೊತೆಯಾಗಿ ಬರುತ್ತವೆ, ಅಷ್ಟೆ.

ಮೊದಲು ಈ ಜೋಡಿ ಬಸ್ಸಿನ ಲೆಕ್ಕ ನೋಡೋಣ. ಒಂದು ರೂಟಿನಲ್ಲಿ ಗಂಟೆಗೆ ಆರು ಬಸ್ ಓಡುತ್ತವೆ ಅಂದುಕೊಳ್ಳಿ. ಸರಿಯಾಗಿ ಹತ್ತು ಹತ್ತು ನಿಮಿಷಕ್ಕೆ ಬಂದರೆ ನೀವು ಸರಾಸರಿ ಐದು ನಿಮಿಷ ಕಾಯುತ್ತೀರಿ. ಈಗ ಅದೇ ಆರು ಬಸ್ ಜೋಡಿ ಜೋಡಿಯಾಗಿ ಬರಲಿ. ಒಂದು ಬಂದ ಎರಡು ನಿಮಿಷಕ್ಕೆ ಇನ್ನೊಂದು, ಆಮೇಲೆ ಹದಿನೆಂಟು ನಿಮಿಷ ಏನೂ ಇಲ್ಲ. ಆಗ ಸರಾಸರಿ ಕಾಯುವ ಹೊತ್ತು ಎಂಟು ನಿಮಿಷ ದಾಟುತ್ತದೆ. ಇನ್ನೂ ಒಂದು ಮಾತು. ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷ ಆ ಉದ್ದದ ಗ್ಯಾಪೇ ಇರುವುದರಿಂದ, ಸ್ಟಾಪಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಅದರಲ್ಲೇ ಸಿಕ್ಕಿಕೊಳ್ಳುತ್ತಾರೆ. ಕಾಗದದಲ್ಲಿ ಮಾತ್ರ ಗಂಟೆಗೆ ಆರು ಟ್ರಿಪ್ ಸರಿಯಾಗೇ ಇರುತ್ತದೆ. ಆಫೀಸಿನವರು ಬಸ್ ಸಾಕಷ್ಟಿದೆ ಅನ್ನುವುದೂ ಸುಳ್ಳಲ್ಲ, ನೀವು ಬಸ್ಸೇ ಇಲ್ಲ ಅನ್ನುವುದೂ ಸುಳ್ಳಲ್ಲ.

ಜೋಡಿ ಯಾಕೆ ಆಗುತ್ತದೆ? ಡ್ರೈವರ್‌ಗಳು ಬೇಕಂತ ಮಾಡುವುದಲ್ಲ. ಒಂದು ಬಸ್ ಎಲ್ಲೋ ಮೂರು ನಿಮಿಷ ತಡವಾಯಿತು ಅನ್ನಿ. ಮುಂದಿನ ಸ್ಟಾಪಿನಲ್ಲಿ ಆ ಮೂರು ನಿಮಿಷದಲ್ಲಿ ಬಂದು ಸೇರಿದ ಜನರೂ ಹತ್ತಬೇಕು. ಹತ್ತುವವರು ಜಾಸ್ತಿ ಆದಂತೆ ನಿಲ್ಲುವ ಹೊತ್ತೂ ಜಾಸ್ತಿ. ಮುಂದಿನ ಸ್ಟಾಪಿಗೆ ಐದು ನಿಮಿಷ ತಡ. ಅಲ್ಲಿ ಜನ ಇನ್ನೂ ಜಾಸ್ತಿ. ಹಿಂದಿನ ಬಸ್ಸಿಗೆ ಇದರ ಉಲ್ಟಾ. ಮುಂದಿನದು ಎಲ್ಲರನ್ನೂ ಬಳಿದುಕೊಂಡು ಹೋಗಿರುವುದರಿಂದ ಅದು ಖಾಲಿ ಖಾಲಿ, ಸರಸರ ಓಡಿ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಯಾರಾದರೂ ಹಿಡಿದು ನಿಲ್ಲಿಸಬೇಕು.

ನಿಮ್ಮ ದಾರಿಯಲ್ಲಿ ಆ ಮೊದಲ ಮೂರು ನಿಮಿಷ ಕಳೆಯಲು ಜಾಗಗಳಿಗೇನು ಕಡಿಮೆ ಇಲ್ಲ. ರಾಯಲ್ ಸರ್ಕಲ್, ದುರ್ಗಮ್ಮ ಗುಡಿ, ಎಸ್‌ಪಿ ಸರ್ಕಲ್, ಸುಧಾ ಕ್ರಾಸ್. ಬಳ್ಳಾರಿಯವರಿಗೆ ಈ ಹೆಸರು ಕೇಳಿದರೇ ಸಾಕು. ಇದರಲ್ಲಿ ನಾನು ಮೊದಲು ಕೈ ಹಾಕುವುದು ಸುಧಾ ಕ್ರಾಸಿಗೆ.

ಅಲ್ಲಿ ಮೇಲ್ಸೇತುವೆಯ ಮಾತು ವರ್ಷಗಳಿಂದ ಇದೆ. ಸೇತುವೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೈಲ್ವೆ ಗೇಟ್ ಇರುವ ಯಾವ ರಸ್ತೆಯಲ್ಲೇ ಆಗಲಿ, ಗೇಟ್ ಹಾಕಿದಾಗ ಏನಾಗುತ್ತದೆ ಅಂತ ಒಂದು ದಿನ ನಿಂತು ನೋಡಿ. ಮೊದಲ ಎರಡು ನಿಮಿಷ ಎಲ್ಲರೂ ಎಡಕ್ಕೇ ಇರುತ್ತಾರೆ. ಆಮೇಲೆ ಒಬ್ಬ ಬೈಕಿನವನು ಬಲಕ್ಕೆ ನುಗ್ಗುತ್ತಾನೆ. ಅವನ ಹಿಂದೆ ಹತ್ತು ಬೈಕು, ಅವುಗಳ ಹಿಂದೆ ಎರಡು ಆಟೊ, ಒಂದು ಕಾರು. ಗೇಟಿನ ಆ ಕಡೆಯೂ ಇದೇ ಕಥೆ. ರೈಲು ಹೋಗಿ ಗೇಟ್ ತೆಗೆದಾಗ ಎರಡೂ ಕಡೆಯವರು ಎದುರುಬದುರು ನಿಂತಿರುತ್ತಾರೆ. ಹಿಂದಕ್ಕೆ ಹೋಗಲು ಜಾಗ ಇಲ್ಲ, ಮುಂದಕ್ಕೆ ಹೋಗಲು ದಾರಿ ಇಲ್ಲ. ಬೈಕುಗಳು ಹೇಗೋ ನುಸುಳುತ್ತವೆ. ನಲವತ್ತು ಅಡಿ ಉದ್ದದ ಬಸ್ ಎಲ್ಲಿ ನುಸುಳಬೇಕು? ರೈಲು ತಿಂದ ಹೊತ್ತು ಕಡಿಮೆ, ಈ ಜಗಳ ತಿನ್ನುವ ಹೊತ್ತೇ ಜಾಸ್ತಿ.

ಇದಕ್ಕೆ ಔಷಧ ಅಗ್ಗದ್ದು. ಗೇಟಿನ ಎರಡೂ ಕಡೆ ನೂರಿನ್ನೂರು ಅಡಿ ರಸ್ತೆಯ ನಡುವೆ ಎತ್ತರದ ಡಿವೈಡರ್. ಪ್ಲಾಸ್ಟಿಕ್ ಕೋನ್ ಅಲ್ಲ, ಅದನ್ನು ನಾಲ್ಕೇ ದಿನದಲ್ಲಿ ಒದ್ದು ಸರಿಸುತ್ತಾರೆ. ಕಾಂಕ್ರೀಟಿನದೇ ಆಗಬೇಕು. ಬೆಳಿಗ್ಗೆ, ಸಂಜೆ ಒಬ್ಬ ಟ್ರಾಫಿಕ್ ಪೊಲೀಸ್. ಇಷ್ಟು ಮಾಡಿದರೆ ಗೇಟ್ ತೆಗೆದ ತಕ್ಷಣ ಎಡಬದಿಯ ಸಾಲು ಹರಿದು ಹೋಗುತ್ತದೆ. ಮೇಲ್ಸೇತುವೆ ಇಲ್ಲದ ಎಲ್ಲ ಗೇಟಿಗೂ ಇದೇ ಮಾತು.

ಇಷ್ಟಾದರೂ ಗೇಟು ಗೇಟೇ. ಪ್ಯಾಸೆಂಜರ್ ರೈಲಿನ ಟೈಮ್ ಗೊತ್ತಿರುತ್ತದೆ, ಗೂಡ್ಸ್ ಯಾವಾಗ ಬರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಶೆಡ್ಯೂಲ್ ಮಾಡುವವರು ಗೇಟ್ ಬಿದ್ದೇ ಬೀಳುತ್ತದೆ ಅಂತ ಇಟ್ಟುಕೊಂಡೇ ಮಾಡಬೇಕು. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಹಿಂದೆ ಯಾವಾಗಲೋ ರಸ್ತೆ ಖಾಲಿ ಇದ್ದಾಗ ಹಾಕಿದ ರನ್ನಿಂಗ್ ಟೈಮೇ, ಅಂದರೆ ಈ ಕೊನೆಯಿಂದ ಆ ಕೊನೆ ಮುಟ್ಟಲು ಕೊಟ್ಟ ಹೊತ್ತೇ, ಮುಂದುವರಿಯುತ್ತದೆ. ಬೆಳಿಗ್ಗೆ ಆರಕ್ಕೂ ಅದೇ, ಒಂಬತ್ತಕ್ಕೂ ಅದೇ. ಆರಕ್ಕೆ ಬಸ್ ಬೇಗ ಮುಟ್ಟಿ ಸುಮ್ನೆ ನಿಲ್ಲುತ್ತದೆ. ಒಂಬತ್ತಕ್ಕೆ ತಡವಾಗಿ ಮುಟ್ಟಿ, ಡ್ರೈವರ್ ನೀರು ಕುಡಿಯುವುದಕ್ಕೂ ಇಳಿಯದೆ ತಿರುಗಿಸಿಕೊಂಡು ಹೊರಡುತ್ತಾರೆ. ಅಲ್ಲಿಗೆ ಹೋಗುವ ಟ್ರಿಪ್ಪಿನ ತಡ ಬರುವ ಟ್ರಿಪ್ಪಿಗೆ, ಬರುವ ಟ್ರಿಪ್ಪಿನದು ಅದರ ಮುಂದಿನದಕ್ಕೆ. ಮಧ್ಯಾಹ್ನದ ಹೊತ್ತಿಗೆ ಯಾವ ಬಸ್ ಯಾವ ಟೈಮಿನದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಹೊತ್ತಿಗೆ ತಕ್ಕ ರನ್ನಿಂಗ್ ಟೈಮ್ ಕೊಡಿ. ಕೊನೆಯ ಸ್ಟಾಪಿನಲ್ಲಿ ಏಳೆಂಟು ನಿಮಿಷ ಬಿಡುವು ಕೊಡಿ. ತಡವಾಗಿ ಬಂದ ಬಸ್ ಆ ಬಿಡುವಿನಲ್ಲಿ ತನ್ನ ಟೈಮಿಗೆ ಮರಳುತ್ತದೆ. ಹೊರಡುವ ಕಡೆ ನಿಂತು ಬಸ್ ಬಿಡುವ ಟಿ.ಸಿ.ಗೆ, ಅಂದರೆ ಸಂಚಾರ ನಿಯಂತ್ರಕರಿಗೆ, ಒಂದೇ ಕೆಲಸ: ಎರಡು ಬಸ್ ಒಟ್ಟಿಗೆ ಬಂದರೂ ಒಟ್ಟಿಗೆ ಬಿಡಬಾರದು. ಒಂದನ್ನು ಬಿಟ್ಟು, ಇನ್ನೊಂದನ್ನು ಹತ್ತು ನಿಮಿಷ ಹಿಡಿಯಬೇಕು. ಒಳಗೆ ಕೂತವರು ಬೈಯುತ್ತಾರೆ, ಬೈಯಲಿ. ಜೊತೆಗೆ ಬೆಳಗಿನ ಹೊತ್ತು ಒಂದು ಬಸ್ಸನ್ನು ಯಾವ ಟ್ರಿಪ್ಪಿಗೂ ಹಾಕದೆ ಸಿಟಿ ಕಡೆ ಇಟ್ಟುಕೊಳ್ಳಬೇಕು. ಗೇಟಿನಾಚೆ ಎರಡು ಬಸ್ ಸಿಕ್ಕಿಕೊಂಡರೆ ಆ ಜಾಗಕ್ಕೆ ಇದನ್ನು ಬಿಡುವುದು. ಬಸ್ ಸುಮ್ನೆ ನಿಂತಿದೆ, ಡೀಸೆಲ್ ದಂಡ, ಸಿಬ್ಬಂದಿ ದಂಡ ಅಂತ ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಇಡೀ ರೂಟಿನಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಬಸ್ ಅದೇ.

ಈಗ ನಿಮ್ಮ ಹತ್ತು ಬಸ್ಸಿನ ಪ್ರಶ್ನೆಗೆ ಬರುತ್ತೇನೆ. ಒಂದು ರೂಟಿಗೆ ಎಷ್ಟು ಬಸ್ ಬೇಕು ಅನ್ನುವುದಕ್ಕೆ ಬಹಳ ಸರಳವಾದ ಲೆಕ್ಕ ಇದೆ. ಹೋಗಿ ಬಂದು ಬಿಡುವು ಸೇರಿ ಎಷ್ಟು ನಿಮಿಷ, ಅದನ್ನು ಎಷ್ಟು ನಿಮಿಷಕ್ಕೊಂದು ಬಸ್ ಬೇಕೋ ಅದರಿಂದ ಭಾಗಿಸಿ. ಉದಾಹರಣೆಗೆ ಹೋಗಿ ಬರಲು ಬಿಡುವು ಸೇರಿ 90 ನಿಮಿಷ ಹಿಡಿದರೆ, ಹತ್ತು ನಿಮಿಷಕ್ಕೊಂದು ಬಿಡಲು ಒಂಬತ್ತು ಬಸ್ ಬೇಕು. ದಾರಿಯಲ್ಲಿ ಪೋಲಾಗುವ ಹೊತ್ತು ಕಡಿಮೆ ಮಾಡಿ ಅದನ್ನು 70ಕ್ಕೆ ಇಳಿಸಿದರೆ ಏಳು ಬಸ್ಸೇ ಸಾಕು. ಎರಡು ಬಸ್, ಅದರ ಡ್ರೈವರ್, ಕಂಡಕ್ಟರ್ ಎಲ್ಲ ಪುಕ್ಕಟೆ ಸಿಕ್ಕ ಹಾಗೆ. ಅವನ್ನು ರಾತ್ರಿ ಟ್ರಿಪ್ಪಿಗೆ ಹಾಕಬಹುದು. ಇದೇ ಮುಖ್ಯ ಮಾತು: ಉಳಿಸಿದ ನಿಮಿಷವೇ ಬಸ್ಸು.

ಹಾಗಂತ ಬಸ್ ಬೇಡವೇ ಬೇಡ ಅನ್ನುತ್ತಿಲ್ಲ. ಕೇಂದ್ರ ನಗರಾಭಿವೃದ್ಧಿ ಇಲಾಖೆಯ ಅಳತೆಯಲ್ಲಿ ಸಾವಿರ ಜನಕ್ಕೆ 0.6 ಬಸ್ ಇದ್ದರೆ ಒಳ್ಳೆಯ ಸೇವೆ, 0.2ಕ್ಕಿಂತ ಕಡಿಮೆ ಆದರೆ ಕಟ್ಟಕಡೆಯ ದರ್ಜೆ. 2011ರ ಜನಗಣತಿಯಲ್ಲೇ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಆ ಹಳೆಯ ಲೆಕ್ಕ ಹಿಡಿದರೂ ಒಳ್ಳೆಯ ದರ್ಜೆಗೆ ಸುಮಾರು 240 ಸಿಟಿ ಬಸ್ ಬೇಕು, ಕಡೆಯ ದರ್ಜೆ ದಾಟಲು 80 ಬೇಕು. ದಾರಿ ಇಲ್ಲದೇ ಏನಿಲ್ಲ. 2023ರಲ್ಲಿ ಶುರುವಾದ ಪಿಎಂ ಇ-ಬಸ್ ಸೇವಾ ಯೋಜನೆ 3 ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರಗಳಿಗೆ ಅಂತಲೇ ಮಾಡಿದ್ದು, ದೇಶಕ್ಕೆ ಒಟ್ಟು 10,000 ಎಲೆಕ್ಟ್ರಿಕ್ ಬಸ್. ಬಳ್ಳಾರಿ ಆ ಅಳತೆಗೆ ಬರುತ್ತದೆ. ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ನಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ದುಡ್ಡು ತರುವುದು ಹೇಗೋ ಆಗುತ್ತದೆ. ಆದರೆ ಹೊಸ ಬಸ್ ಬಂದ ಮೇಲೂ ಅದೇ ಗೇಟು, ಅದೇ ಸರ್ಕಲ್ಲು, ಅದೇ ಶೆಡ್ಯೂಲ್ ಇದ್ದರೆ ಏನು ಪ್ರಯೋಜನ?

ನಿಮಿಷಗಳು ಪೋಲಾಗುವ ಇನ್ನೊಂದು ಜಾಗ ಬಸ್ ಸ್ಟಾಪು. ಬೆಳಗಿನ ಹೊತ್ತು ಯಾವ ದೊಡ್ಡ ಸ್ಟಾಪಿನಲ್ಲಿ ನಿಂತರೂ ಇದು ಕಾಣುತ್ತದೆ. ಬಸ್ ನಿಲ್ಲಬೇಕಾದ ಜಾಗದಲ್ಲಿ ನಾಲ್ಕು ಆಟೊ. ಹಿಂದೆ ಹಣ್ಣಿನ ತಳ್ಳುಗಾಡಿ. ಡ್ರೈವರ್ ರಸ್ತೆ ನಡುವೆಯೇ, ಶೆಲ್ಟರಿನಿಂದ ಮೂವತ್ತು ಅಡಿ ಮುಂದೆ ನಿಲ್ಲಿಸುತ್ತಾರೆ. ನೆರಳಲ್ಲಿ ಕಾಯುತ್ತಿದ್ದವರೆಲ್ಲ ಓಡುತ್ತಾರೆ. ಮುಂದಿನ ಬಾಗಿಲಲ್ಲಿ ಹೆಂಗಸರು ಹತ್ತಬೇಕು, ಅಲ್ಲೇ ಇಳಿಯುವವರೂ ನಿಂತಿದ್ದಾರೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದ ಅಮ್ಮನಿಗೆ ಆ ಎತ್ತರದ ಮೆಟ್ಟಿಲು ಹತ್ತಲು ಯಾರಾದರೂ ಕೈ ಕೊಡಬೇಕು. ಎಲ್ಲ ಹತ್ತಿ ಆಯಿತು ಅಂದರೂ ಬಸ್ ಹೊರಡುವುದಿಲ್ಲ. ಸ್ವಲ್ಪ ಮುಂದೆ ಹೋಗಿ ಮತ್ತೆ ಬದಿಗೆ ನಿಲ್ಲುತ್ತದೆ, ಟಿಕೆಟ್ ಆಗಬೇಕಲ್ಲ.

ಕಂಡಕ್ಟರ್ ಮೇಲೆ ಸಿಟ್ಟಾಗಬೇಡಿ. 2023ರ ಜೂನ್ 11ರಿಂದ ಶಕ್ತಿ ಬಂದ ಮೇಲೆ ಹೆಂಗಸರಿಗೆ ದುಡ್ಡಿಲ್ಲ, ಆದರೆ ಟಿಕೆಟ್ ಇದೆ. ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡಲೇಬೇಕು. ಸರ್ಕಾರದಿಂದ ನಿಗಮಕ್ಕೆ ದುಡ್ಡು ಬರುವುದು ಅದರ ಲೆಕ್ಕದ ಮೇಲೇ. ಮುಂದಿನ ಸ್ಟೇಜ್, ಅಂದರೆ ಟಿಕೆಟ್ ದರ ಬದಲಾಗುವ ಸ್ಟಾಪ್, ಬರುವುದರೊಳಗೆ ಎಲ್ಲರಿಗೂ ಟಿಕೆಟ್ ಆಗಿರದಿದ್ದರೆ, ಚೆಕಿಂಗ್‌ನವರು ಹತ್ತಿದಾಗ ಉತ್ತರ ಕೊಡಬೇಕಾದವರು ಅವರೇ. ಎಪ್ಪತ್ತು ಜನರ ನಡುವೆ ತೂರಿಕೊಂಡು ಹೋಗುವುದಕ್ಕಿಂತ ಬಸ್ ನಿಲ್ಲಿಸುವುದೇ ಅವರಿಗೆ ಕ್ಷೇಮ. ಹಾಗಾಗಿ ಪರಿಹಾರ ಬಸ್ಸಿನ ಹೊರಗೆ ಸಿಗಬೇಕು. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಐದರಿಂದ ಏಳೂವರೆ, ಜಾಸ್ತಿ ಜನ ಹತ್ತುವ ಮೂರು ಸ್ಟಾಪಿನಲ್ಲಿ ಮಿಷನ್ ಹಿಡಿದ ಒಬ್ಬ ಕಂಡಕ್ಟರ್ ಕೆಳಗೇ ನಿಂತು ಟಿಕೆಟ್ ಕೊಡಲಿ. ಬಸ್ ಬರುವಷ್ಟರಲ್ಲಿ ಎಲ್ಲರ ಕೈಯಲ್ಲೂ ಟಿಕೆಟ್ ಇರುತ್ತದೆ. ಹತ್ತುವುದು, ಹೊರಡುವುದು, ಅಷ್ಟೇ. ದೊಡ್ಡ ಆಸ್ಪತ್ರೆಯ ಮುಂದಿನ ಸ್ಟಾಪಿನಲ್ಲಂತೂ ಇದು ಆಗಲೇಬೇಕು. ನಾವೆಲ್ಲ ಈಗಲೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳಿಂದಲೂ ಜನ ಬರುತ್ತಾರೆ. ಅವರಿಗೆ ಯಾವ ಬಸ್ ಎಲ್ಲಿಗೆ ಅಂತ ಹೇಳುವವರೂ ಒಬ್ಬರು ಸಿಕ್ಕಂತಾಗುತ್ತದೆ.

ಸ್ಟಾಪುಗಳ ಜಾಗವನ್ನೂ ನೋಡಬೇಕು. ಸರ್ಕಲ್ಲಿಗೆ ಮೊದಲು ಸ್ಟಾಪ್ ಇದ್ದರೆ ಬಸ್ ಎರಡು ಸಲ ನಿಲ್ಲುತ್ತದೆ, ಜನರಿಗೊಮ್ಮೆ, ಸಿಗ್ನಲ್ಲಿಗೊಮ್ಮೆ. ಸರ್ಕಲ್ ದಾಟಿದ ಮೇಲೆ ನೂರೈವತ್ತು ಅಡಿ ಆಚೆ ಇಟ್ಟರೆ ಒಂದೇ ಸಲ. ಎಡಕ್ಕೆ ತಿರುಗುವ ಗಾಡಿಗಳಿಗೂ ಬಸ್ ಅಡ್ಡ ಬರುವುದಿಲ್ಲ. ಇನ್ನು ಕೈ ತೋರಿಸಿದಲ್ಲೆಲ್ಲ ನಿಲ್ಲಿಸುವ ರೂಢಿ. ಅದು ಒಳ್ಳೆಯ ಮನಸ್ಸಿನಿಂದಲೇ ಬಂದಿರುವುದು, ಆದರೆ ಒಂದು ಸಲ ನಿಂತು ಹೊರಡುವುದಕ್ಕೆ ಬ್ರೇಕು, ಗೇರು ಎಲ್ಲ ಸೇರಿ ಅರ್ಧ ನಿಮಿಷ ಹೋಗುತ್ತದೆ. ನಾನೂರು ಐನೂರು ಮೀಟರಿಗೆ ಒಂದು ಸ್ಟಾಪ್, ನಡುವೆ ಎಲ್ಲೂ ನಿಲ್ಲಿಸುವುದಿಲ್ಲ ಅನ್ನುವ ಶಿಸ್ತು ಬರಬೇಕು. ವಯಸ್ಸಾದವರಿಗೆ, ಬಸುರಿಯರಿಗೆ ನಿಲ್ಲಿಸಿದರೆ ಯಾರೂ ಬೇಡ ಅನ್ನುವುದಿಲ್ಲ. ಮತ್ತೆ ನೆರಳು. ಏಪ್ರಿಲ್ ಮೇ ತಿಂಗಳ ಬಳ್ಳಾರಿ ಬಿಸಿಲಲ್ಲಿ ತಗಡಿನ ಶೆಲ್ಟರ್ ಕೆಳಗೆ ನಿಲ್ಲುವುದೂ ಒಂದೇ, ಹೆಂಚಿನ ಮೇಲೆ ನಿಲ್ಲುವುದೂ ಒಂದೇ. ಜಾಹೀರಾತಿಗೆ ಅನುಕೂಲ ಆಗಲಿ ಅಂತ ಕಟ್ಟಿದ ಶೆಲ್ಟರ್ ಬೇಡ. ಎರಡು ಬೇವಿನ ಮರ ನೆಟ್ಟರೂ ನಡೆಯುತ್ತದೆ.

ಷೇರ್ ಆಟೊ ಬಗ್ಗೆ ನನ್ನ ಅಭಿಪ್ರಾಯ ಬೇರೆಯವರಿಗಿಂತ ಸ್ವಲ್ಪ ಬೇರೆ. ಮೋಟಾರು ವಾಹನ ಕಾಯ್ದೆ ಪ್ರಕಾರ ತಲೆಗಿಷ್ಟು ಅಂತ ದುಡ್ಡು ತಗೊಂಡು ದಾರಿಯುದ್ದಕ್ಕೂ ಹತ್ತಿಸಿ ಇಳಿಸುವ ಪರ್ಮಿಟ್ ಆಟೊಗಳಿಗೆ ಇಲ್ಲ, ಅದು ನಿಜ. ಆದರೆ ಬಸ್ ಇಲ್ಲದ ಆ ಹದಿನೆಂಟು ನಿಮಿಷ ನಿಮ್ಮನ್ನು ಕೆಲಸಕ್ಕೆ ಮುಟ್ಟಿಸಿದವರು ಅವರೇ ಅಲ್ವಾ? ದಂಡ ಹಾಕಿ ಓಡಿಸುವುದರಿಂದ ಬಸ್ ಬೇಗ ಬರುವುದಿಲ್ಲ. ಬಸ್ ಸ್ಟಾಪಿನಿಂದ ಐವತ್ತು ಮೀಟರ್ ಆಚೆ ಅವರಿಗೆ ಗೆರೆ ಎಳೆದು ಜಾಗ ಕೊಡಿ, ಸ್ಟಾಪಿನ ಜಾಗ ಬಿಡಿಸಿ. ಬಸ್ ಹೋಗಲಾರದ ಒಳಗಿನ ಓಣಿಗಳಿಂದ ದೊಡ್ಡ ರಸ್ತೆಗೆ ಜನರನ್ನು ತರುವ ಕೆಲಸ ಅವರದು. ಬಸ್ ಹತ್ತು ನಿಮಿಷಕ್ಕೊಂದು ನಿಜವಾಗಿ ಬರತೊಡಗಿದರೆ ಉಳಿದದ್ದು ತಾನಾಗೇ ಆಗುತ್ತದೆ. ಪುಕ್ಕಟೆ ಬಸ್ ಕಣ್ಣಿಗೆ ಕಾಣುತ್ತಿರುವಾಗ ಆಟೊಗೆ ಯಾರು ದುಡ್ಡು ಕೊಡುತ್ತಾರೆ?

ಇನ್ನೊಂದು ಸಣ್ಣ ಉಪಾಯ. ನಿಮ್ಮ ದಾರಿಯಲ್ಲೇ ಊರಾಚೆ ಹೋಗುವ ಹಳ್ಳಿ ಬಸ್‌ಗಳೂ ಇರುತ್ತವೆ. ಅವುಗಳಲ್ಲಿ ಆರ್ಡಿನರಿ ಬಸ್‌ಗಳನ್ನು ಬೆಳಿಗ್ಗೆ ಮತ್ತು ಸಂಜೆ ಮೂರು ದೊಡ್ಡ ಸ್ಟಾಪುಗಳಲ್ಲಿ ಮಾತ್ರ ಸಿಟಿ ಜನರಿಗೂ ನಿಲ್ಲಿಸಲು ಹೇಳಿದರೆ ಆಯಿತು. ಆರ್ಡಿನರಿ ಅಂದ ಮೇಲೆ ಶಕ್ತಿಯೂ ನಡೆಯುತ್ತದೆ. ಒಂದು ಆದೇಶದ ಕಾಗದ ಸಾಕು.

ಹುಬ್ಬಳ್ಳಿ ಬಗ್ಗೆ ಕೇಳಿದ್ದೀರಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಸುಮಾರು 22 ಕಿ.ಮೀ. ದಾರಿ. 2018ರಲ್ಲಿ ಓಡಾಟ ಶುರುವಾಗಿ, 2020ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯಿತು. ಎರಡು ದೊಡ್ಡ ಊರುಗಳ ನಡುವೆ ಹೆದ್ದಾರಿ ಅಗಲ ಮಾಡಿ, ನಡುವೆ ಬಸ್ಸಿಗೇ ಜಾಗ ಬಿಟ್ಟರು. ಅಲ್ಲಿಯೂ ಅದರ ಬಗ್ಗೆ ತಕರಾರು ಇದ್ದೇ ಇದೆ. ಬಳ್ಳಾರಿಯ ಹಳೇ ರಸ್ತೆಗಳಲ್ಲಿ ಅಷ್ಟು ಅಗಲ ಎಲ್ಲಿಂದ ತರುವುದು? ಎರಡೂ ಬದಿಯ ಅಂಗಡಿ ಕೆಡವಬೇಕು. ದಿಲ್ಲಿಯಲ್ಲಿ 2008ರಲ್ಲಿ ಇಂಥದ್ದೇ ದಾರಿ ಮಾಡಿ 2016ರಲ್ಲಿ ಕಿತ್ತು ಹಾಕಿದರು. ನಿಮ್ಮ ದಾರಿಗೆ ಅದರ ಅಗತ್ಯ ಇಲ್ಲ. ಗೇಟಿನ ಹತ್ತಿರ, ಎರಡು ಸರ್ಕಲ್ಲುಗಳ ಹತ್ತಿರ ಬಸ್ ಮುಂದೆ ಬರಲು ಇನ್ನೂರು ಅಡಿ ಎಡಬದಿ ಖಾಲಿ ಇದ್ದರೆ ಸಾಕು. ಅಂದರೆ ಅಲ್ಲಿ ಪಾರ್ಕಿಂಗ್ ಬಂದ್. ಸಿಕ್ಕಿಕೊಳ್ಳುವ ಜಾಗ ಬಿಡಿಸಿದರೆ ಉಳಿದ ರಸ್ತೆಯಲ್ಲಿ ಬಸ್ ಎಲ್ಲರ ಜೊತೆಗೇ ಓಡಲಿ.

ಮಳೆಗಾಲದ್ದು ಒಂದು ಮಾತು. ಜೋರು ಮಳೆ ಬಂದು ದುರ್ಗಮ್ಮ ಗುಡಿ ಅಂಡರ್‌ಪಾಸಿನಲ್ಲಿ ನೀರು ನಿಂತರೆ ಬಸ್ ಯಾವ ದಾರಿ ಹಿಡಿಯಬೇಕು, ಯಾವ ಸ್ಟಾಪ್ ಬಿಟ್ಟುಹೋಗುತ್ತದೆ, ಇದು ಮೊದಲೇ ಬರೆದು ಸ್ಟಾಪುಗಳಲ್ಲಿ ಹಾಕಿರಬೇಕು. ನೀರು ಬಂದ ಮೇಲೆ ಫೋನ್ ಮಾಡಿ ಕೇಳುವ ವಿಷಯ ಅಲ್ಲ.

ಈಗ ರಾತ್ರಿ ಬಸ್. ಇದನ್ನು ನಾನು ಬಹಳ ಮುಖ್ಯ ಅಂತ ಇಟ್ಟುಕೊಂಡಿದ್ದೇನೆ. ರಾತ್ರಿ ಒಂಬತ್ತೂವರೆ ಬಸ್ಸಿನಲ್ಲಿ ಹದಿನೈದು ಜನ ಇರುತ್ತಾರೆ, ಕಿಲೋಮೀಟರಿಗೆ ಇಷ್ಟು ಗಳಿಕೆ ಅಂತ ನೋಡಿದರೆ ನಷ್ಟವೇ. ನಷ್ಟ ಅಂತ ಟ್ರಿಪ್ ಕತ್ತರಿಸುತ್ತಾರೆ. ಆದರೆ ಆ ಹದಿನೈದು ಜನ ಬೆಳಿಗ್ಗೆ ಹೇಗೆ ಬಂದಿದ್ದರು? ರಾತ್ರಿ ಮನೆಗೆ ಬಸ್ ಗ್ಯಾರಂಟಿ ಇದ್ದವರು ಬೆಳಿಗ್ಗೆಯೂ ಬಸ್ಸಿಗೇ ಬರುತ್ತಾರೆ. ಇಲ್ಲದವರು ಸಾಲ ಮಾಡಿಯಾದರೂ ಸ್ಕೂಟಿ ತಗೊಳ್ಳುತ್ತಾರೆ, ಆಮೇಲೆ ಬಸ್ಸಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಕೊನೆಯ ಟ್ರಿಪ್ಪಿನ ಲಾಭ ನಷ್ಟವನ್ನು ಬೇರೆಯಾಗಿ ನೋಡಲೇಬಾರದು. ಅಂಗಡಿ ಮುಚ್ಚುವ ಹೊತ್ತು ನೋಡಿಕೊಂಡು ಒಂಬತ್ತೂಕಾಲು, ಒಂಬತ್ತೂಮುಕ್ಕಾಲು, ಹತ್ತೂಕಾಲು, ಹೀಗೆ ಮೂರೇ ಟ್ರಿಪ್ ಸಾಕು. ಆದರೆ ಮಳೆ ಬರಲಿ, ಹಬ್ಬ ಇರಲಿ, ಆ ಮೂರು ತಪ್ಪಬಾರದು. ಟೈಮನ್ನು ಸ್ಟಾಪಿನಲ್ಲಿ ದೊಡ್ಡದಾಗಿ ಬರೆಸಿ.

ಇದಕ್ಕೆಲ್ಲ ದೊಡ್ಡ ಆ್ಯಪ್ ಬೇಕಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದ್ದರೆ ಒಳ್ಳೆಯದು. ಮೈಸೂರಿನ ಸಿಟಿ ಬಸ್‌ಗಳಿಗೆ 2012ರಲ್ಲೇ ಬಸ್ ಎಲ್ಲಿದೆ, ಯಾವಾಗ ಬರುತ್ತದೆ ಅಂತ ತೋರಿಸುವ ವ್ಯವಸ್ಥೆ ಬಂತು. ಆದರೆ ಶುರು ಮಾಡಲು ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಿಷನ್ ಸಾಕು. ಪ್ರತಿ ಟಿಕೆಟ್ಟಿನ ಮೇಲೂ ಯಾವ ಸ್ಟೇಜ್, ಎಷ್ಟು ಗಂಟೆ ಅಂತ ಅಚ್ಚಾಗಿರುತ್ತದೆ. ಒಂದು ತಿಂಗಳ ಟಿಕೆಟ್ ಲೆಕ್ಕ ತೆಗೆದು ನೋಡಿದರೆ ಯಾವ ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಎಷ್ಟು ನಿಮಿಷ ಹಿಡಿಯುತ್ತದೆ, ಜೋಡಿ ಎಲ್ಲಿ ಶುರುವಾಗುತ್ತದೆ ಎಲ್ಲಾ ಸಿಗುತ್ತದೆ. ಡಿಪೊದಲ್ಲಿ ಲೆಕ್ಕ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಕೂತರೆ ವಾರದ ಕೆಲಸ.

ನೀವೇನು ಮಾಡಬಹುದು? ನಿಮ್ಮ ಜೊತೆ ಕಾಯುವ ನಾಲ್ಕೈದು ಜನ ಸೇರಿಕೊಳ್ಳಿ. ಒಂದು ವಾರ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಬಂದ ಪ್ರತಿ ಬಸ್ಸಿನ ಟೈಮ್ ಬರೆಯಿರಿ. ನಿಲ್ಲಿಸಿತೋ ಇಲ್ಲವೋ, ತುಂಬಿತ್ತೋ ಖಾಲಿಯೋ, ಗೇಟ್ ಹಾಕಿತ್ತೋ, ಇಷ್ಟೇ. ಬಸ್ ಸರಿಯಿಲ್ಲ ಅನ್ನುವ ಅರ್ಜಿಗಳು ದಿನಾ ಬರುತ್ತವೆ, ಕಡತಕ್ಕೆ ಹೋಗುತ್ತವೆ. ಮಂಗಳವಾರ 8.52ಕ್ಕೆ ಒಂದು, 8.54ಕ್ಕೆ ಒಂದು, ಆಮೇಲೆ 9.13ರವರೆಗೆ ಇಲ್ಲ ಅನ್ನುವ ಪಟ್ಟಿಯನ್ನು ಹಾಗೆ ಪಕ್ಕಕ್ಕೆ ಇಡಲು ಆಗುವುದಿಲ್ಲ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ರೂಟಿನ ಫಾರಂ-4 ಕೊಡಿ ಅಂತ ಕೇಳಿ. ಯಾವ ಬಸ್ ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು ಅನ್ನುವುದು ಅದರಲ್ಲಿರುತ್ತದೆ. ಕಳೆದ ತಿಂಗಳು ರದ್ದಾದ ಟ್ರಿಪ್ಪುಗಳ ಪಟ್ಟಿಯನ್ನೂ ಕೇಳಿ. ಎರಡನ್ನೂ ನಿಮ್ಮ ಪಟ್ಟಿಯ ಪಕ್ಕ ಇಟ್ಟರೆ ತಪ್ಪು ಶೆಡ್ಯೂಲಿನದೋ ರಸ್ತೆಯದೋ ಗೊತ್ತಾಗುತ್ತದೆ. ಶೆಡ್ಯೂಲಿನದಾದರೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಬರೆಯಿರಿ, ಅದರ ಒಂದು ಪ್ರತಿಯನ್ನು ಡಿಪೊ ಮ್ಯಾನೇಜರ್‌ಗೆ ಕೊಡಿ. ಗೇಟು, ಪಾರ್ಕಿಂಗ್, ಆಟೊ, ಸ್ಟಾಪಿನ ಜಾಗ ಇವು ನಿಗಮದ ಕೈಯಲ್ಲಿ ಇಲ್ಲ. ಅವನ್ನು ಜಿಲ್ಲಾಧಿಕಾರಿಗೆ ಬೇರೆ ಅರ್ಜಿಯಾಗಿ ಕೊಡಿ, ಅದರ ಒಂದೊಂದು ಪ್ರತಿಯನ್ನು ಮಹಾನಗರ ಪಾಲಿಕೆಗೆ ಮತ್ತು ಟ್ರಾಫಿಕ್ ಪೊಲೀಸರಿಗೆ ಕೊಡಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ. ನೀವು ಇಟ್ಟುಕೊಳ್ಳುವ ಪ್ರತಿಯ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳುವುದು ಮರೆಯಬೇಡಿ.